ಕಾಪಿ ಬರಹ

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಪ್ರಶ್ನೆಗಳ ಹೆದರಿಕೆ ಇರಬಾರದು. ಆದರೆ ಎರಡು ವರ್ಷದ ಹಿಂದೆ ನನ್ನ ಅಣ್ಣನ ಮಗ ಕೇಳಿದ ಒಂದು ಪ್ರಶ್ನೆಗೆ ಉತ್ತರ ತೋಚದೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ನೆಪ ಹೇಳಿ ನಾನು ಒಳಗೆ ಎದ್ದುಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಅದು ಅವನಿಗೂ ಗೊತ್ತಿತ್ತೆಂದೇ ನನಗನ್ನಿಸುತ್ತದೆ.

ಹುಡುಗ ಗಿಟಾರ್ ಬಾರಿಸುತ್ತಾನೆ. ಬಿ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆಗೆ ಓದುತ್ತೇನೆಂದು ಮನೆಯಲ್ಲಿ ಹೇಳುತ್ತ, ನಮ್ಮ ಕಡೆಯ ಒಂದು ರಸಮಂಜರಿ ತಂಡ ಸೇರಿಕೊಂಡಿದ್ದ. ಚೌತಿ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ಎಂದು ಊರೂರು ತಿರುಗಾಟ. ಬೆಳಗಿನ ಜಾವ ಟೆಂಪೋದಿಂದ ಬೆಳಕೆಯ ಹೆದ್ದಾರಿಯಲ್ಲಿ ಇಳಿದವನು, ಮನೆಗೆ ಹೋದರೆ ಅಪ್ಪನ ಬೈಗುಳ ಕೇಳಬೇಕಾದೀತೆಂದು ನಮ್ಮ ಜಗಲಿಯಲ್ಲೇ ಮಲಗಿಬಿಡುತ್ತಿದ್ದ. ಅವನದೊಂದು ವಿಚಿತ್ರ ಹಟ. ಹೊಸ ಹಾಡೆಂದರೆ ಅಷ್ಟಕ್ಕಷ್ಟೆ. 1976ರ ‘ಬಯಲುದಾರಿ’ಗೆ ರಾಜನ್–ನಾಗೇಂದ್ರ ಕೂಡಿಸಿದ ಹಾಡುಗಳು, ಹೊನ್ನಾವರದ ಕಡೆಯವರೆಂದು ನಾವೆಲ್ಲ ಹೆಮ್ಮೆಪಡುವ ಶಂಕರ್‌ನಾಗ್ 1981ರಲ್ಲಿ ನಿರ್ದೇಶಿಸಿದ ‘ಗೀತಾ’ಕ್ಕೆ ಇಳಯರಾಜಾ ಕೊಟ್ಟ ಹಾಡುಗಳು, ಇಂಥವೇ ಅವನಿಗೆ ಬೇಕು. ಎಲ್ಲವೂ ಅವನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನವು. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಅರ್ಧ ನಿಮಿಷದ ಗಿಟಾರಿಗಾಗಿ ವಾರಗಟ್ಟಲೆ ಕಿವಿಗೊಟ್ಟು ಕೂರುತ್ತಿದ್ದ. ಒಂದು ತಂತಿ ಎಲ್ಲಿ ಮೀಟಿದ್ದಾರೆ, ಎಲ್ಲಿ ಜಾರಿಸಿದ್ದಾರೆ ಎಂದು ಹುಡುಕಿ ಹುಡುಕಿ ಅದು ಹಾಗೆಯೇ ಬರುವ ತನಕ ಬಿಡುತ್ತಿರಲಿಲ್ಲ.

ಅಣ್ಣನಿಗೆ ಇದು ತಲೆನೋವು. “ನೀನಾದರೂ ಹೇಳು, ನಿನ್ನ ಮಾತು ಕೇಳ್ತಾನೆ” ಎಂದು ನನ್ನ ಬೆನ್ನು ಹತ್ತಿದ. ನಾನೂ ಒಂದು ಸಂಜೆ ಚಾ ಕೊಟ್ಟು ಕೂರಿಸಿಕೊಂಡು, ತರಗತಿಯ ಧ್ವನಿಯಲ್ಲೇ ಹೇಳಿದೆ: “ಎಷ್ಟು ದಿನ ಅಂತ ಕಂಡವರ ಹಾಡು ಬಾರಿಸ್ತೆಯೋ? ನಿನ್ನದು ಅಂತ ಒಂದಾದರೂ ಮಾಡಬೇಡವಾ? ಎಷ್ಟು ಚಂದ ಬಾರಿಸಿದರೂ ಅದು ಕಾಪಿಯೇ.”

ಅವನು ಸಿಟ್ಟಾಗಲಿಲ್ಲ. ಚಾದ ಲೋಟ ಕೆಳಗಿಟ್ಟು, ನಿಜಕ್ಕೂ ತಿಳಿದುಕೊಳ್ಳಬೇಕೆಂಬವನ ಹಾಗೆ ಕೇಳಿದ: “ಅತ್ತೆ, ನೀವು ಇಷ್ಟು ವರ್ಷ ಕಲಿಸಿದ ಪದ್ಯಗಳಲ್ಲಿ ನೀವೇ ಬರೆದದ್ದು ಎಷ್ಟು?”

ಆಗಲೇ ನನಗೆ ಇಲ್ಲದ ಹಾಲು ನೆನಪಾದದ್ದು.

ಇದಾಗಿ ಹದಿನೈದು ದಿನಕ್ಕೆ ಅವನು ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸ ಹಿಡಿದು ಹೊರಟುಹೋದ. ಅಣ್ಣನ ಮನೆಯಲ್ಲಿ ಹಬ್ಬದ ಸಂಭ್ರಮ. ಹೊರಡುವ ದಿನ ಹುಡುಗ ಚೀಲ ತೊಡಿಸಿದ ಗಿಟಾರನ್ನು ತಂದು ನಮ್ಮ ಮನೆಯ ಕಪಾಟಿನ ಬದಿಗೆ ನಿಲ್ಲಿಸಿ, “ಇಲ್ಲೇ ಇರಲಿ ಅತ್ತೆ” ಎಂದ. ಮತ್ತೇನೂ ಹೇಳಲಿಲ್ಲ. ಅಣ್ಣ ನನಗೆ ಸೀರೆ ತಂದುಕೊಟ್ಟ. ಆ ಸೀರೆಯನ್ನು ನಾನು ಈವರೆಗೆ ಉಟ್ಟಿಲ್ಲ. ಉಡದ್ದಕ್ಕೆ ಕಾರಣ ಬಣ್ಣವಲ್ಲ.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ನಮ್ಮ ಕರಾವಳಿಯ ಮಳೆ ನಿಮಗೆ ಗೊತ್ತು. ಮಡಚಿಟ್ಟ ಬಟ್ಟೆಗೆ, ಚಪ್ಪಲಿಗೆ, ಪುಸ್ತಕದ ರಟ್ಟಿಗೆ, ಕೊನೆಗೆ ಮನಸ್ಸಿಗೂ ಬೂಸ್ಟು ಹಿಡಿಸುವಂಥದ್ದು. ಒಂದು ರಾತ್ರಿ ಬೆಂಗಳೂರಿನಿಂದ ಹುಡುಗನ ಫೋನ್ ಬಂತು. ಊಟ ಆಯಿತೇ, ಗದ್ದೆಗೆ ನೀರು ಬಂತೇ ಎಂದೆಲ್ಲ ಕೇಳಿ ಕೊನೆಗೆ ಮೆಲ್ಲಗೆ ಹೇಳಿದ: “ಅತ್ತೆ, ಅದನ್ನೊಮ್ಮೆ ಚೀಲದಿಂದ ತೆಗೆದು ಒಣ ಬಟ್ಟೆಯಲ್ಲಿ ಒರೆಸ್ತೀರಾ?” ನಾನು ಅವತ್ತೇ ಒರೆಸಿದೆ. ಒರೆಸುವಾಗ ಕೈತಾಗಿ ತಂತಿಯೊಂದು ಮಿಡಿಯಿತು. ಖಾಲಿ ಮನೆಯಲ್ಲಿ ಆ ಸದ್ದು ಬಹಳ ಹೊತ್ತು ಇತ್ತು.

ಮರುದಿನ ಅವನು ನನ್ನ ಫೋನಿಗೆ ಒಂದು ಇಂಗ್ಲಿಷ್ ಹಾಡು ಕಳಿಸಿದ. “ದೋಸೆ ಹೊಯ್ಯುವಾಗ ಕೇಳಿ. ಹಾಡಿನ ನಡುವೆ ಗಿಟಾರ್ ಬರುವಾಗ ಆ ಮನುಷ್ಯ ಏನೋ ಕೂಗ್ತಾನೆ, ಅದನ್ನು ಮಾತ್ರ ಸರಿಯಾಗಿ ಕೇಳಿ” ಎಂದು ಬರೆದಿದ್ದ. ಎರಡು ಸಲ ಕೇಳಿದಾಗಲೂ ನನಗೆ ಗದ್ದಲವಷ್ಟೇ ಕೇಳಿಸಿತು. ಮೂರನೆಯ ಸಲ ತಿಳಿಯಿತು, ಅವನು ಕೂಗುತ್ತಿದ್ದುದು ಹೆಸರುಗಳನ್ನು.

ಆ ಮನುಷ್ಯ ಡೇವ್ ಎಡ್ಮಂಡ್ಸ್. ಹುಡುಗ ಫೋನಿನಲ್ಲಿ ಹೇಳಿದ್ದು, ಆಮೇಲೆ ನಾನೇ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಅವನ ಕಥೆ ಹೇಳುತ್ತೇನೆ. ಹುಟ್ಟಿದ್ದು 1944ರ ಏಪ್ರಿಲಿನಲ್ಲಿ, ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಸೀಮೆಯ ಕಾರ್ಡಿಫ್‌ನಲ್ಲಿ. ಅದು ಒಂದು ಕಾಲಕ್ಕೆ ಕಲ್ಲಿದ್ದಲನ್ನು ಹಡಗಿಗೆ ತುಂಬಿ ಕಳಿಸುತ್ತಿದ್ದ ಬಂದರು. ಅವನಿಗೆ ಹತ್ತು ಹನ್ನೆರಡು ವರ್ಷವಾಗುವ ಹೊತ್ತಿಗೆ ಸಮುದ್ರದ ಆಚೆ ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಎಂಬ ಹೊಸ ಹಾಡಿನ ಬಗೆ ಹುಟ್ಟಿಕೊಂಡಿತ್ತು. ನಮ್ಮಲ್ಲಿ ಅದರ ಗಾಳಿ ಬೀಸಿದ್ದು ಹಿಂದಿ ಸಿನಿಮಾದ ಕಿಟಕಿಯಿಂದ. 1957ರ ‘ಆಶಾ’ ಚಿತ್ರದಲ್ಲಿ ಸಿ. ರಾಮಚಂದ್ರರು ಕೂಡಿಸಿದ ‘ಈನಾ ಮೀನಾ ಡೀಕಾ’ವನ್ನು ನಿಮ್ಮಲ್ಲಿ ಅನೇಕರು ಗುನುಗಿರಬಹುದು. ಮೂರೇ ಮೂರು ಕಾರ್ಡುಗಳು, ಕುದುರೆ ಓಡಿದಂಥ ತಾಳ, ಎರಡು ಎರಡೂವರೆ ನಿಮಿಷದಲ್ಲಿ ಹಾಡು ಮುಗಿದೇ ಹೋಗುತ್ತದೆ. ಅದರ ಬೇರಿರುವುದು ಕಪ್ಪು ಜನರ ಸಂಗೀತದಲ್ಲಿ. ಚಕ್ ಬೆರಿ, ಫ್ಯಾಟ್ಸ್ ಡಾಮಿನೊ, ಲಿಟಲ್ ರಿಚರ್ಡ್ ಅಂಥವರು ಅದನ್ನು ಕಟ್ಟಿದರು. ಎಲ್ವಿಸ್ ಪ್ರೀಸ್ಲಿಯಂಥ ಬಿಳಿಯ ಹುಡುಗರು ಅದನ್ನು ಲೋಕಕ್ಕೆಲ್ಲ ಹಬ್ಬಿಸಿದರು. ಐವತ್ತರ ದಶಕ ಮುಗಿಯುವಷ್ಟರಲ್ಲಿ ಅದರ ಮೊದಲ ಭರ ಇಳಿದೂ ಹೋಗಿತ್ತು. ಬೀಟಲ್ಸ್ ಬಂದರು, ಬೇರೆ ಬೇರೆ ಗಾಳಿ ಬಂತು. ಎಡ್ಮಂಡ್ಸ್ ಮಾತ್ರ ತನ್ನ ಬಾಲ್ಯದ ಆ ನಾಲ್ಕೈದು ವರ್ಷಗಳ ಹಾಡಿನಲ್ಲೇ ಉಳಿದ.

ವೇಲ್ಸಿನಲ್ಲೇ ಮನ್‌ಮತ್ ಎಂಬ ಪೇಟೆಯ ಹತ್ತಿರ ಇಬ್ಬರು ಅಣ್ಣತಮ್ಮಂದಿರು ತಮ್ಮ ಹೈನಿನ ಕೊಟ್ಟಿಗೆಯ ಜಾಗದಲ್ಲೇ ಒಂದು ಧ್ವನಿಮುದ್ರಣ ಶಾಲೆ ತೆರೆದಿದ್ದರು. ರಾಕ್‌ಫೀಲ್ಡ್ ಎಂದು ಅದರ ಹೆಸರು. ಅಲ್ಲಿ ಕೂತು ಈ ಮನುಷ್ಯ ಹೆಚ್ಚಿನ ವಾದ್ಯಗಳನ್ನೆಲ್ಲ ತಾನೇ ಬಾರಿಸಿ ಹಾಡು ಕೂಡಿಸುವುದನ್ನು ಕಲಿತ. ಮೊದಲು ಒಂದನ್ನು ನುಡಿಸಿ ಟೇಪಿನಲ್ಲಿ ಹಿಡಿಯುವುದು, ಅದನ್ನು ಕೇಳುತ್ತ ಅದರ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಒಬ್ಬಳೇ ಹೆಂಗಸು ಅಂಗಳ ಸಾರಿಸಿ, ಚುಕ್ಕಿ ಇಟ್ಟು, ಗೆರೆ ಎಳೆದು, ಬಣ್ಣ ತುಂಬಿದ ಹಾಗೆ. ಹಳೆಯ ರೆಕಾರ್ಡಿನಲ್ಲಿ ಹತ್ತಾರು ಜನ ಸೇರಿ ಹೊರಡಿಸಿದ್ದ ದನಿಯನ್ನು ಒಬ್ಬನೇ ಹಗಲುರಾತ್ರಿ ಕೂತು ಹಾಗೆಯೇ ಹೊರಡಿಸುವ ಹಟ. ನಮ್ಮ ಜಗಲಿಯ ಹುಡುಗನಿಗೂ ಅವನಿಗೂ ಅಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಹುಡುಗ ಕಳಿಸಿದ್ದು 1970ರ ‘ಐ ಹಿಯರ್ ಯು ನಾಕಿಂಗ್’. ಬ್ರಿಟನ್ನಿನಲ್ಲಿ ಆರು ವಾರ ಅದು ಮೊದಲ ಸ್ಥಾನದಲ್ಲಿತ್ತು. ಆದರೆ ಅದು ಎಡ್ಮಂಡ್ಸನ ಹಾಡಲ್ಲ. 1955ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನ ಸ್ಮೈಲಿ ಲೂಯಿಸ್ ಎಂಬ ಕಪ್ಪು ಗಾಯಕ ಹಾಡಿದ್ದು. ಅವನ ಹಾಡು ಅವನ ಜನರ ನಡುವೆ ಚೆನ್ನಾಗಿಯೇ ನಡೆದಿತ್ತು. ಅದೇ ವರ್ಷ ಗೇಲ್ ಸ್ಟಾರ್ಮ್ ಎಂಬ ಬಿಳಿಯ ನಟಿ ಅದೇ ಹಾಡನ್ನು ಹಾಡಿದಳು; ದೊಡ್ಡ ಮಾರುಕಟ್ಟೆಯಲ್ಲಿ ಮೆರೆದದ್ದು ಅವಳ ರೆಕಾರ್ಡು. ಲೂಯಿಸ್ 1966ರಲ್ಲಿ ತೀರಿಹೋದ. ಅದಾಗಿ ನಾಲ್ಕು ವರ್ಷಕ್ಕೆ, ಸಾವಿರಾರು ಮೈಲಿ ದೂರದಲ್ಲಿ, ಅವನನ್ನು ಕಾಣದ ಒಬ್ಬ ಹುಡುಗ ಆ ಹಾಡು ಹಾಡುತ್ತ, ನಡುವೆ ಬಾಯಿತೆರೆದು ಕೂಗುತ್ತಾನೆ: ಫ್ಯಾಟ್ಸ್ ಡಾಮಿನೊ! ಸ್ಮೈಲಿ ಲೂಯಿಸ್! ಚಕ್ ಬೆರಿ! ಹ್ಯೂಯಿ ಸ್ಮಿತ್! ತಾನು ಯಾರ ಮನೆಯ ಅನ್ನ ಉಂಡೆನೋ ಅವರ ಹೆಸರನ್ನು ಹಾಡಿನ ಒಳಗೇ, ತೆಗೆಯಲು ಬಾರದ ಹಾಗೆ ಇಟ್ಟುಬಿಟ್ಟ. ಲೂಯಿಸನಿಗೆ ಆ ಕೂಗು ಕೇಳಿಸಲಿಲ್ಲ. ಆದರೆ ಬೆಳಕೆಯ ಅಡುಗೆಮನೆಯಲ್ಲಿ ನನಗೆ ಕೇಳಿಸಿತು. ಅವನ ಹೆಸರು ನನಗೆ ಬೇರೆ ಯಾವ ದಾರಿಯಿಂದ ಬರುವುದಿತ್ತು ಹೇಳಿ?

ಎಡ್ಮಂಡ್ಸ್ ಮುಂದೆ ಪ್ರೊಡ್ಯೂಸರನೂ ಆದ. ಸಿನಿಮಾದ ನಿರ್ಮಾಪಕರಂತೆ ಹಣ ಹಾಕುವವನೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ, ಹಾಡುವವರನ್ನು ಕೂರಿಸಿ ಅವರೊಳಗಿನ ಒಳ್ಳೆಯದು ಹೊರಗೆ ಬರುವಂತೆ ನೋಡಿಕೊಳ್ಳುವವನು. ಶಾಲೆಯ ಗ್ಯಾದರಿಂಗಿನಲ್ಲಿ ಪರದೆಯ ಹಿಂದೆ ನಿಂತು ಮಕ್ಕಳನ್ನು ರಂಗಕ್ಕೆ ದೂಡುವ ನಮ್ಮಂಥವರ ಕೆಲಸ. 1980ರಲ್ಲಿ ಸ್ಟ್ರೇ ಕ್ಯಾಟ್ಸ್ ಎಂಬ ಮೂವರು ಅಮೆರಿಕನ್ ಹುಡುಗರು ಬ್ರಿಟನ್ನಿಗೆ ಬಂದರು. ಅವರ ಸ್ವಂತ ದೇಶದಲ್ಲಿ ಆ ಹಳೆಯ ಹಾಡಿಗೆ ಆಗ ಅಂಥ ಬೆಲೆ ಇರಲಿಲ್ಲ. ಅವರ ಮೊದಲ ರೆಕಾರ್ಡನ್ನು ತಿದ್ದಿ ರೂಪಕ್ಕೆ ತಂದವನು ಈ ವೇಲ್ಸಿನವನು. ಎವರ್ಲಿ ಸಹೋದರರೆಂಬ ಇಬ್ಬರು ಐವತ್ತರ ದಶಕದ ದೊಡ್ಡ ಗಾಯಕರು. 1973ರಲ್ಲಿ ಜಗಳವಾಡಿ ಬೇರೆಯಾಗಿ ಹತ್ತು ವರ್ಷದ ಮೇಲೆ ಒಂದಾದಾಗ, ಅವರ 1984ರ ಆಲ್ಬಮ್ಮಿಗೂ ಇವನೇ ಪ್ರೊಡ್ಯೂಸರ್. 1985ರಲ್ಲಿ ಲಂಡನ್ನಿನಲ್ಲಿ ಹಳೆಯ ತಲೆ ಕಾರ್ಲ್ ಪರ್ಕಿನ್ಸನನ್ನು ನಡುವೆ ಕೂರಿಸಿ ಟಿ.ವಿ.ಗಾಗಿ ಒಂದು ಕಾರ್ಯಕ್ರಮ ಮಾಡಿದರು. ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್, ಎರಿಕ್ ಕ್ಲಾಪ್ಟನ್ ಅಂಥವರೆಲ್ಲ ಶಿಷ್ಯರಂತೆ ಸುತ್ತ ಕೂತಿದ್ದರು. ಅಲ್ಲಿ ಸಂಗೀತದ ಹೊಣೆ ಹೊತ್ತವನೂ ಎಡ್ಮಂಡ್ಸನೇ. ಸ್ವಂತವಾಗಿ ಬರೆದ ಹಾಡು ಅವನ ಹೆಸರಿನಲ್ಲಿ ಕಡಿಮೆ. 2017ರಲ್ಲಿ ಅವನು ವೇದಿಕೆಗೆ ಕೈಮುಗಿದ.

ಇಷ್ಟು ಓದಿದ ಮೇಲೂ ನನ್ನೊಳಗಿನ ಅಕ್ಕೋರು ಸುಮ್ಮನಿರಲಿಲ್ಲ. ಇದೇನು ದೊಡ್ಡ ಬದುಕೇ? ಹೊಸದನ್ನು ಹುಟ್ಟಿಸುವ ಧೈರ್ಯ ಇಲ್ಲದವನು ಹಳೆಯದರ ನೆರಳಿನಲ್ಲಿ ಕೂತ ಎಂದೇಕೆ ಹೇಳಬಾರದು? ಆಗ ಹೋಲಿಸಿ ನೋಡಲು ನನಗೆ ನಮ್ಮವರೇ ಒಬ್ಬರು ಸಿಕ್ಕಿದರು. ಅವರ ಹೆಸರು ಬಿದ್ದು ಅಪ್ಪಯ್ಯ. ಹೆಸರು ಬಿದ್ದು, ಆದರೆ ಅವರಷ್ಟು ಎದ್ದವರು ಕಡಿಮೆ. ಕೊಡಗಿನ ಮನೆತನ, ಹುಟ್ಟಿದ್ದು 1945ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲಿ. ಎಡ್ಮಂಡ್ಸನಿಗಿಂತ ಹತ್ತು ತಿಂಗಳು ಚಿಕ್ಕವರು. ಇವರೂ ಗಿಟಾರ್ ಹಿಡಿದ ಹುಡುಗ, ಇವರೂ ರೇಡಿಯೊ ಸಿಲೋನಿನಲ್ಲಿ ಪರದೇಶದ ಹಾಡು ಕೇಳಿ ಬೆಳೆದವರು. ಗೆಳೆಯರೊಡನೆ ಟ್ರೋಜನ್ಸ್ ಎಂಬ ತಂಡ ಕಟ್ಟಿ ಬೆಂಗಳೂರಿನಲ್ಲಿ ಇಂಗ್ಲಿಷ್ ಹಾಡು ಹಾಡಿದರು. ಅಂದರೆ ಕಾಪಿಯೇ ಅವರ ಮೊದಲ ಪಾಠ. 1960ರ ದಶಕದ ಕೊನೆಗೆ ಊರುಬಿಟ್ಟು ಲಂಡನ್ ಸೇರಿ, ಹೊಟ್ಟೆಪಾಡಿಗೆ ಅಡುಗೆಮನೆಯಲ್ಲಿ ದುಡಿದು, ನಿಧಾನಕ್ಕೆ ಪ್ರೊಡ್ಯೂಸರ್ ಆದರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬವನ ಕೈಯಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡಿಸಿದವರು ಅವರೇ. ರೆಕಾರ್ಡಿನ ಹಿಂಬದಿಗೆ ಏನಾದರೊಂದು ಇರಲೆಂದು ಕೊನೆಯ ಗಳಿಗೆಯಲ್ಲಿ ಹತ್ತೇ ನಿಮಿಷದಲ್ಲಿ ಮುಗಿಸಿದ ಆ ಹಾಡು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. 1980ರ ‘ಕುರ್ಬಾನಿ’ಯಲ್ಲಿ ಹದಿನೈದರ ಹುಡುಗಿ ನಾಜಿಯಾ ಹಸನ್ ಹಾಡಿದ ‘ಆಪ್ ಜೈಸಾ ಕೋಯಿ’, 1995ರಲ್ಲಿ ಅಲಿಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’, ಇವೂ ಅವರವೇ. ಆ ಕೊನೆಯದನ್ನು ನಮ್ಮ ಕಾಲದವರು ಕೇಳದೆ ಇರುವ ಹಾಗೇ ಇರಲಿಲ್ಲ.

ಹೀಗೆ ಒಂದೇ ವಯಸ್ಸಿನ ಇಬ್ಬರು, ಒಂದೇ ವಾದ್ಯ, ಒಂದೇ ದೇಶದಲ್ಲಿ ಒಂದೇ ಕಸುಬು. ಒಬ್ಬ ಹಿಂದಕ್ಕೆ ನೋಡಿದ, ಇನ್ನೊಬ್ಬರು ಮುಂದಕ್ಕೆ. ಯಾರ ಬದುಕು ಮೇಲು? ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಬಂದರೆ ಬಿದ್ದು ಅವರ ಹೆಸರು ಬರೆದ ಮಕ್ಕಳಿಗೆ ಮೊದಲಾದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಈಗ ಕೈ ತಡೆಯುತ್ತದೆ. ಏಕೆಂದರೆ 1974ರಲ್ಲಿ ಹೊಚ್ಚ ಹೊಸದಾಗಿದ್ದ ಆ ಹಾಡು ಈಗ ಐವತ್ತು ವರ್ಷ ದಾಟಿದ ಹಳೆಯ ಹಾಡು. ಅದು ಇನ್ನೂ ಬದುಕಿರುವುದು ಯಾರೋ ಎಲ್ಲೋ ಅದನ್ನು ಕೇಳಿ, ಕಲಿತು, ತಮ್ಮ ತಂಡದಲ್ಲಿ ಬಾರಿಸುತ್ತಿರುವುದರಿಂದ. ಹೊಸದು ಹುಟ್ಟಿಸಿದವರ ಆಯುಷ್ಯ, ಹಳೆಯದನ್ನು ಕಾಪಿಟ್ಟವರ ಕೈಯಲ್ಲಿದೆ. ಹೆತ್ತವಳ ಹೆಸರು ಎಲ್ಲರೂ ಕೇಳುತ್ತಾರೆ. ರಾತ್ರಿಯೆಲ್ಲ ತೊಟ್ಟಿಲು ತೂಗಿದ ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ಆದರೂ ಮಗು ಬದುಕಿದ್ದು ಇಬ್ಬರಿಂದಲೂ ಅಲ್ಲವೇ?

ನಮ್ಮ ಹೊನ್ನಾವರದ ಕಡೆಯಲ್ಲಿ ಯಾರಾದರೂ ಯಕ್ಷಗಾನದ ವೇಷಧಾರಿಯನ್ನು ನಕಲಿಗ ಎಂದದ್ದು ನಾನು ಕೇಳಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಹೊಸಬರಿಗೆ ಕಲಿಸಲು ಕೇಂದ್ರವನ್ನೇ ತೆರೆದರು. ಪ್ರಸಂಗ ಹಳೆಯದು, ಪದ್ಯ ಹಳೆಯದು, ಕುಣಿತ ಗುರುವಿನಿಂದ ಬಂದದ್ದು. ಆದರೂ ರಾತ್ರಿಯಿಡೀ ಚಾಪೆ ಹಾಸಿ ಕೂತು ನೋಡುತ್ತೇವೆ. ಕೌರವ ಸಾಯುತ್ತಾನೆಂದು ಗೊತ್ತಿದ್ದೂ ಇವತ್ತಿನವನು ಹೇಗೆ ಸಾಯುತ್ತಾನೆಂದು ಕಾಯುತ್ತೇವೆ. ಅಲ್ಲಿ ಕೊಡುವ ಮರ್ಯಾದೆಯನ್ನು ಅಣ್ಣನ ಮಗನ ಗಿಟಾರಿಗೆ ಏಕೆ ಕೊಡಲಿಲ್ಲ? ಅದು ಸಿನಿಮಾ ಹಾಡು, ಇದು ದೇವರ ಆಟ ಎಂಬ ಮೇಲು ಕೀಳು ನನ್ನ ತಲೆಯಲ್ಲಿತ್ತು, ಅಷ್ಟೆ.

ಆದರೆ ಹಳೆಯದೆಲ್ಲ ಹೊನ್ನು ಎಂದು ನಾನು ಹೇಳಹೊರಟಿಲ್ಲ. ಹೆಂಗಸಾಗಿ ಹುಟ್ಟಿ ಆ ಮಾತು ಹೇಗೆ ಹೇಳಲಿ? ನನ್ನ ಅಜ್ಜಿ ಹಾಡುತ್ತಿದ್ದ ಮದುವೆಯ ಹಾಡುಗಳನ್ನು ಅಮ್ಮ ಕಲಿತಳು, ಅಮ್ಮನಿಂದ ನಾನು ಕಲಿತೆ. ಗಂಡ ಹೋದ ಮೇಲೆ ಅಜ್ಜಿಯನ್ನು ಅದೇ ಮದುವೆಯ ಚಪ್ಪರದಿಂದ ದೂರ ಕೂರಿಸಿದ ಪದ್ಧತಿಯೂ ಅದೇ ಮನೆಯಲ್ಲಿತ್ತು. ಒಳಕೋಣೆಯಲ್ಲಿ ಕೂತು ಅವಳು ಹಾಡಿನ ಮುಂದಿನ ಸಾಲನ್ನು ಪಿಸುಗುಟ್ಟಿ ನೆನಪಿಸುತ್ತಿದ್ದಳು. ಹೊರಗೆ ಉಳಿದವರು ಎತ್ತಿ ಹಾಡುತ್ತಿದ್ದರು. ಹಾಡೂ ಹಳೆಯದು, ಪದ್ಧತಿಯೂ ಹಳೆಯದು. ಒಂದನ್ನು ಉಳಿಸಿಕೊಂಡೆವು, ಇನ್ನೊಂದನ್ನು ಅಮ್ಮನ ಕಾಲಕ್ಕೆ ಬಿಟ್ಟೆವು. ಬಿಡಲು ಅಮ್ಮ ಯಾರೊಡನೆ ಎಷ್ಟು ಜಗಳವಾಡಬೇಕಾಯಿತು ಎಂಬುದು ಬೇರೆ ಕಥೆ. ಹಾಗಾಗಿ ಹಳೆಯದು ಎನ್ನುವುದೇ ಒಂದು ಗುಣವಲ್ಲ. ಅದು ಕೈಯಿಂದ ಕೈಗೆ ದಾಟುವಾಗ ಯಾರನ್ನಾದರೂ ಹೊರಗೆ ಕೂರಿಸುತ್ತದೆಯೇ, ಒಳಗೆ ಕರೆಯುತ್ತದೆಯೇ ಎಂದು ನೋಡಬೇಕು.

ಇನ್ನು ಕಾಪಿ ಎಂಬ ಮಾತು. ನಮ್ಮ ಶಾಲೆಯಲ್ಲಿ ಈ ಒಂದೇ ಶಬ್ದಕ್ಕೆ ಎರಡು ಅರ್ಥ. ಪರೀಕ್ಷೆಯಲ್ಲಿ ಚೀಟಿ ಇಟ್ಟು ಬರೆದರೆ ಅದು ಕಾಪಿ ಹೊಡೆಯುವುದು. ಸಿಕ್ಕಿಬಿದ್ದರೆ ಉತ್ತರಪತ್ರಿಕೆ ಕಸಿದುಕೊಳ್ಳುತ್ತೇವೆ. ದಿನಾ ಸಂಜೆ ಮನೆಗೆಲಸಕ್ಕೆ ಕೊಡುವುದೂ ಕಾಪಿಯೇ, ಕಾಪಿ ಬರಹ. ಅದನ್ನು ತಾರದಿದ್ದರೆ ಬೈಯುತ್ತೇವೆ. ಇಷ್ಟು ವರ್ಷ ಎರಡನ್ನೂ ಮಾಡಿಸಿದವಳಿಗೆ, ಒಂದು ಏಕೆ ತಪ್ಪು, ಇನ್ನೊಂದು ಏಕೆ ಪಾಠ ಎಂದು ಯೋಚಿಸಬೇಕೆಂದು ಅನ್ನಿಸಿರಲೇ ಇಲ್ಲ. ಚೀಟಿ ನೋಡಿ ಬರೆದವನು ಮೂಲವನ್ನು ಮುಚ್ಚಿಡುತ್ತಾನೆ, ತನ್ನದಲ್ಲದ್ದನ್ನು ತನ್ನದೆನ್ನುತ್ತಾನೆ, ಪರೀಕ್ಷೆ ಮುಗಿದೊಡನೆ ಮರೆಯುತ್ತಾನೆ. ಕಾಪಿ ಬರೆಯುವ ಮಗು ಮೇಲಿನ ಸಾಲನ್ನು ಎದುರಿಗೇ ಇಟ್ಟುಕೊಂಡು ಬರೆಯುತ್ತದೆ. ಎಲ್ಲರಿಗೂ ಗೊತ್ತು ಅದು ಅವನ ಮಾತಲ್ಲವೆಂದು. ಆದರೆ ಬರೆದು ಬರೆದು ಅಕ್ಷರ ಅವನದಾಗುತ್ತದೆ. ಒಂದು ತರಗತಿಯ ನಲವತ್ತು ಮಕ್ಕಳು ಒಂದೇ ಸಾಲನ್ನು ಬರೆದು ತಂದರೂ, ಹೆಸರು ನೋಡದೆ ಇದು ಯಾರ ಪುಸ್ತಕ ಎಂದು ನಾನು ಹೇಳಬಲ್ಲೆ. ನಲವತ್ತು ಕೈ, ನಲವತ್ತು ಬರಹ.

ಆ ದೃಷ್ಟಿಯಿಂದ ನೋಡಿದರೆ 1955ರಲ್ಲಿ ಲೂಯಿಸನ ಹಾಡಿಗೆ ಮಾರುಕಟ್ಟೆ ಮಾಡಿದ್ದರಲ್ಲಿ ಚೀಟಿಯ ವಾಸನೆಯಿದೆ. 1970ರಲ್ಲಿ ಎಡ್ಮಂಡ್ಸ್ ಮಾಡಿದ್ದು ಕಾಪಿ ಬರಹ. ಹಾಡು ಒಂದೇ. ನಡುವೆ ಇರುವ ವ್ಯತ್ಯಾಸ ಒಂದು ಹೆಸರು ಕೂಗುವಷ್ಟರದ್ದು. ಹಾಗೆಂದು ಹೆಸರು ಕೂಗಿದರೆ ಸಾಲವೆಲ್ಲ ತೀರಿತೆಂದೂ ಅಲ್ಲ. ಆರು ವಾರದ ಆ ಮೆರವಣಿಗೆ ಬದುಕಿದ್ದಾಗ ಲೂಯಿಸನಿಗೆ ಬರಲಿಲ್ಲ. ಕೆಲವು ಸಾಲ ತೀರಿಸಲು ಬಾರದವು. ಒಪ್ಪಿಕೊಳ್ಳಲು ಮಾತ್ರ ಬರುವವು.

ನನ್ನ ವಿಷಯಕ್ಕೆ ಬಂದರೆ, ಅವನ ಪ್ರಶ್ನೆಗೆ ಉತ್ತರ “ಒಂದೂ ಇಲ್ಲ” ಎಂದು. ಪಂಪ, ಕುಮಾರವ್ಯಾಸ, ಕುವೆಂಪು, ಬೇಂದ್ರೆ, ನಮ್ಮ ಜಿಲ್ಲೆಯವರೇ ಆದ ದಿನಕರ ದೇಸಾಯಿ, ಹೀಗೆ ಬೇರೆಯವರ ಮಾತನ್ನು ಬಾಯಲ್ಲಿಟ್ಟುಕೊಂಡು ಇಪ್ಪತ್ತೆಂಟು ವರ್ಷ ಸಂಬಳ ತೆಗೆದುಕೊಂಡೆ. ಒಂದು ಕಾಲದಲ್ಲಿ ನಾನೂ ಕವಿತೆ ಬರೆಯುತ್ತಿದ್ದೆ. ಪತ್ರಿಕೆಗೆ ಕಳಿಸಿದ್ದು ಮರಳಿ ಬಂದಾಗ ನಿಲ್ಲಿಸಿದೆ. ಆಮೇಲೆ ಎಂದೂ ಅದರ ಮಾತೆತ್ತಲಿಲ್ಲ. “ನಿನ್ನದು ಅಂತ ಒಂದಾದರೂ ಮಾಡಬೇಡವಾ” ಎಂದು ಆ ಹುಡುಗನಿಗೆ ಹೇಳಿದಾಗ, ಆ ಮಾತನ್ನು ನಾನು ಯಾರಿಗೆ ಹೇಳುತ್ತಿದ್ದೆ ಎಂದು ಈಗ ತಿಳಿಯುತ್ತದೆ. ನನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ಹಾಕಿದ್ದೆ. ದೊಡ್ಡವರು ಚಿಕ್ಕವರಿಗೆ ಮಾಡುವ ಅನ್ಯಾಯಗಳಲ್ಲಿ ಅರ್ಧ ಇಂಥವೇ ಇರಬಹುದು.

ಕಳೆದ ಚೌತಿಯ ಮೊದಲು ಫೋನ್ ಮಾಡಿ ಹೇಳಿದೆ: “ಆ ದಿನ ನಾನು ಹಾಗೆ ಹೇಳಬಾರದಿತ್ತು ಮಾರಾಯ.”

“ಯಾವ ದಿನ ಅತ್ತೆ?” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಹಾಲು ಉಕ್ಕಿದ ದಿನವಾ?” ಎಂದು ನಕ್ಕ. ನನಗೂ ನಗು ಬಂತು. ಕಣ್ಣಲ್ಲಿ ನೀರೂ ಬಂತೆಂದು ಬೇರೆ ಹೇಳಬೇಕಿಲ್ಲ.

ಚೌತಿಗೆ ಬಂದವನು ಕಪಾಟಿನ ಬದಿಯಿಂದ ಗಿಟಾರ್ ತೆಗೆದು ಜಗಲಿಯಲ್ಲಿ ಕೂತ. ಎರಡು ತಂತಿ ಹೊಸದು ಹಾಕಬೇಕಾಯಿತು. ‘ಬಯಲುದಾರಿ’ಯ ಹಾಡೊಂದನ್ನು ಎತ್ತುವ ಮೊದಲು, “ಸಂಗೀತ ರಾಜನ್–ನಾಗೇಂದ್ರ, ಸಾಹಿತ್ಯ ಚಿ. ಉದಯಶಂಕರ್” ಎಂದು ಆಕಾಶವಾಣಿಯವರ ಹಾಗೆ ಹೇಳಿ, ಆಮೇಲೆ ತನಗೆ ಗಿಟಾರ್ ಹಿಡಿಯಲು ಕಲಿಸಿದ ನಮ್ಮೂರಿನ ಹಿರಿಯರೊಬ್ಬರ ಹೆಸರನ್ನೂ ಸೇರಿಸಿದ. ಅಣ್ಣ ಪತ್ರಿಕೆ ಹಿಡಿದು ಮೂಲೆಯಲ್ಲ��� ಕೂತಿದ್ದ. ಹಾಡು ಮುಗಿಯುವ ತನಕ ಅವನು ಪುಟ ತಿರುಗಿಸಲಿಲ್ಲ. ಮುಗಿದ ಮೇಲೆ, “ಕೆಲಸ ಮಾತ್ರ ಬಿಡಬೇಡ” ಎಂದಷ್ಟೇ ಹೇಳಿದ. ಅದು ತಪ್ಪು ಮಾತೆಂದು ನಾನು ಹೇಳಲಾರೆ. ಕೊಟ್ಟಿಗೆಯಲ್ಲಿ ಕೂತು ಹಾಡು ಕೂಡಿಸಿದವರೆಲ್ಲ ಎಡ್ಮಂಡ್ಸ್ ಆಗುವುದಿಲ್ಲ. ರಸಮಂಜರಿಯ ಸೀಸನ್ನು ವರ್ಷದಲ್ಲಿ ನಾಲ್ಕು ತಿಂಗಳು, ಹೊಟ್ಟೆಯದು ಹನ್ನೆರಡು ತಿಂಗಳು. ಹುಡುಗ ತಲೆಯಾಡಿಸಿದ. ಆದರೆ ಈ ಸಲ ಬೆಂಗಳೂರಿಗೆ ಹೋಗುವಾಗ ಗಿಟಾರನ್ನು ಹೆಗಲಿಗೆ ಹಾಕಿಕೊಂಡೇ ಬಸ್ಸು ಹತ್ತಿದ.

ಶಾಲೆಯಲ್ಲಿ ನಾನೂ ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ. ಎಂಟನೆಯ ತರಗತಿಯವರಿಗೆ ಕಾಪಿ ಬರಹ ಕೊಡುವಾಗ, ಪುಟದ ಕೆಳಗೆ ಆ ಮಾತು ಯಾರದು ಎಂದು ಬರೆಯಲು ಹೇಳುತ್ತೇನೆ. ಮೊದಲ ದಿನ ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು.

“ಅಕ್ಕೋರೇ, ನನ್ನ ಹೆಸರು ಬರೂದು ಬ್ಯಾಡದಾ?”

“ಬರಿ. ಅದರ ಕೆಳಗೆ ಬರಿ” ಎಂದೆ.